ಹಳೆಯ ಕಾರಿಗೆ ಹೊಸ ಸ್ಟ್ರಟ್ ಕೂರಿಸುವ ಪೇಚಾಟ

ಮುಂದಿನ ಸ್ಟ್ರಟ್ ಬದಲಿಸುವುದು ಹೇಳುವುದಕ್ಕೆ ಸುಲಭದ ಕೆಲಸ. ಬಾನೆಟ್ ಕೆಳಗೆ ಎರಡೋ ಮೂರೋ ನಟ್ಟು, ಚಕ್ರದ ಹಿಂದೆ ಎರಡು ಬೋಲ್ಟು. ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದರೆ ಆಯಿತು. ಕಾರು ಮೂರ್ನಾಲ್ಕು ವರ್ಷದ್ದಾದರೆ ಇದು ಹೆಚ್ಚುಕಡಿಮೆ ನಿಜವೂ ಹೌದು. ಹದಿನೈದು ಇಪ್ಪತ್ತು ಮಳೆಗಾಲ ಕಂಡ ಮಾರುತಿ 800, ಝೆನ್, ಸ್ಯಾಂಟ್ರೊಗಳ ಕಥೆಯೇ ಬೇರೆ. ಅರ್ಧ ದಿನದಲ್ಲಿ ಮುಗಿಯುತ್ತದೆ ಎಂದು ಗ್ಯಾರೇಜಿಗೆ ಬಿಟ್ಟ ಗಾಡಿ ಮೂರನೆಯ ದಿನವೂ ಜಾಕಿಯ ಮೇಲೆಯೇ ಇರಬಹುದು. ಡಬ್ಬದಿಂದ ಹೊರಗೆ ಬಂದ ಹೊಸ ಸ್ಟ್ರಟ್ಟಿನಲ್ಲೇ ದೋಷವಿರುವುದು ಅಪರೂಪ. ಕಾಡುವುದು ಅದರ ಜೊತೆ ಸೇರಬೇಕಾದ ಹಳೆಯ ಬೋಲ್ಟು, ಹಳೆಯ ರಬ್ಬರು, ಹಳೆಯ ತಗಡು.

ಸ್ಟ್ರಟ್ ಮಾಡುವ ಕೆಲಸ

ಗ್ಯಾರೇಜುಗಳಲ್ಲಿ ಇದನ್ನೂ ಶಾಕಪ್ ಎಂದೇ ಕರೆಯುತ್ತಾರಾದರೂ ಇದರ ಹೊಣೆ ದೊಡ್ಡದು. ಮಾಮೂಲಿ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಕುಣಿತವನ್ನು ಹತೋಟಿಯಲ್ಲಿಡುತ್ತದೆ, ಅಷ್ಟೇ. ಅದನ್ನು ಕಳಚಿದರೂ ಚಕ್ರ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಸ್ಟ್ರಟ್ ಹಾಗಲ್ಲ. ಅದರ ಕೊಳವೆಯ ಸುತ್ತಲೇ ಸ್ಪ್ರಿಂಗ್ ಕೂತಿರುತ್ತದೆ, ಅದರ ಬುಡಕ್ಕೇ ಚಕ್ರದ ಹಬ್ಬನ್ನು ಹೊರುವ ನಕಲ್ ಕಚ್ಚಿಕೊಂಡಿರುತ್ತದೆ. ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬವೂ ಅದೇ, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದೊಂದಿಗೆ ತಿರುಗುವ ಅಚ್ಚೂ ಅದೇ. ಆದ್ದರಿಂದ ಸ್ಟ್ರಟ್ಟಿಗೆ ಕೈ ಹಾಕಿದರೆ ಬ್ರೇಕ್ ಹೋಸ್, ಡ್ರೈವ್ ಶಾಫ್ಟ್, ಬಾಲ್ ಜಾಯಿಂಟ್, ಅಲೈನ್‌ಮೆಂಟ್ ಎಲ್ಲಕ್ಕೂ ಕೈ ಹಾಕಿದಂತೆ.

ಈ ಜೋಡಣೆಗೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರು ಉಳಿದಿದೆ. ಎರಡನೆಯ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಆತ ಜನರಲ್ ಮೋಟರ್ಸ್‌ನಲ್ಲಿ ಶೆವ್ರೊಲೆ ಕೆಡೆಟ್ ಎಂಬ ಸಣ್ಣ ಕಾರಿಗಾಗಿ ದುಡಿಯುತ್ತಿದ್ದ. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಆತ ಫೋರ್ಡ್ ಸೇರಿದ. 1950ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಫೋರ್ಡ್ ಕಾನ್ಸಲ್ ಮತ್ತು ಝೆಫರ್ ಕಾರುಗಳು ಈ ವಿನ್ಯಾಸಕ್ಕೆ ಹೆಸರು ತಂದವು. ಕಡಿಮೆ ಬಿಡಿಭಾಗ, ಕಡಿಮೆ ಜಾಗ. ಎಂಜಿನ್ನನ್ನು ಅಡ್ಡಲಾಗಿ ಕೂರಿಸುವ ಸಣ್ಣ ಕಾರಿಗೆ ಹೇಳಿ ಮಾಡಿಸಿದ ಏರ್ಪಾಡು.

ನಮ್ಮಲ್ಲಿ ಅಂಬಾಸಡರ್‌ನ ಮುಂಭಾಗದಲ್ಲಿ ಟಾರ್ಷನ್ ಬಾರ್ ಇತ್ತು, ಪ್ರೀಮಿಯರ್ ಪದ್ಮಿನಿಯಲ್ಲಿ ಮೇಲೊಂದು ಕೆಳಗೊಂದು ವಿಷ್‌ಬೋನ್. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆಯೇ ಸ್ಟ್ರಟ್ ಬೀದಿಬೀದಿಯ ಗ್ಯಾರೇಜಿನ ದಿನನಿತ್ಯದ ಕೆಲಸವಾದದ್ದು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆ ನಿಂತಿತು. ಕೊನೆಕೊನೆಯ ಗಾಡಿಗಳಿಗೂ ಈಗ ಹತ್ತು ವರ್ಷ ದಾಟಿದೆ.

ಮೊದಲು ಕಾಯಿಲೆ ಖಚಿತವಾಗಲಿ

ಹಂಪ್ ಮೇಲೆ ‘ಟಕ್’ ಎಂದ ಕೂಡಲೇ ಸ್ಟ್ರಟ್ ಹೋಯಿತು ಎನ್ನುವವರಿದ್ದಾರೆ. ಲಿಂಕ್ ರಾಡ್, ಬಾಲ್ ಜಾಯಿಂಟ್, ಸ್ಟಿಯರಿಂಗ್ ರ‍್ಯಾಕಿನ ಬುಷ್, ಮೇಲಿನ ಮೌಂಟಿಂಗ್, ಎಲ್ಲವೂ ಅದೇ ಸದ್ದು ಮಾಡಬಲ್ಲವು. ಕೊಳವೆಯ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿರುವುದು, ಟೈರಿನ ಅಂಚು ಅಲ್ಲಲ್ಲಿ ಗುಳಿಬಿದ್ದು ಸವೆದಿರುವುದು, ಮೂಲೆಯನ್ನು ಒತ್ತಿ ಬಿಟ್ಟರೆ ಗಾಡಿ ಎರಡು ಮೂರು ಸಲ ತೂಗಾಡುವುದು: ಸ್ಟ್ರಟ್ ಸತ್ತಿದೆ ಎನ್ನಲು ಇವು ಸಾಕ್ಷಿ. ಗಾಡಿಯ ಮೂತಿ ತಗ್ಗಿದೆ ಎಂದು ಮಾತ್ರ ಸ್ಟ್ರಟ್ ಹಾಕಿಸಬೇಡಿ. ಭಾರ ಹೊರುವುದು ಸ್ಪ್ರಿಂಗ್. ಅದು ಕುಸಿದಿದ್ದರೆ ಎಷ್ಟು ಹೊಸ ಸ್ಟ್ರಟ್ ಹಾಕಿದರೂ ಗಾಡಿ ಮೇಲೇಳುವುದಿಲ್ಲ. ಹೊಸ ಗ್ಯಾಸ್ ಸ್ಟ್ರಟ್ ಅಲ್ಪಸ್ವಲ್ಪ ಎತ್ತಬಹುದು, ಕಣ್ಣಿಗೆ ಕಾಣುವಷ್ಟಲ್ಲ.

ಅಂಗಡಿಯಲ್ಲೇ ಶುರುವಾಗುವ ತೊಡಕು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರಿನ ಸ್ಟ್ರಟ್ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ ‘ಯಾವ ಮಾಡೆಲ್, ಎಷ್ಟನೇ ಇಸವಿ?’ ಒಂದೇ ಹೆಸರಿನ ಕಾರು ಹತ್ತಿಪ್ಪತ್ತು ವರ್ಷ ಮಾರಾಟವಾದಾಗ ಒಳಗಿನ ಭಾಗಗಳು ಸದ್ದಿಲ್ಲದೆ ಬದಲಾಗಿರುತ್ತವೆ. ಡೀಸೆಲ್ ಎಂಜಿನ್ ಭಾರ ಹೆಚ್ಚು, ಹಾಗಾಗಿ ಸ್ಪ್ರಿಂಗ್ ಬೇರೆ. ಎಬಿಎಸ್ ಇರುವ ಗಾಡಿಯ ಸ್ಟ್ರಟ್ಟಿಗೆ ವೈರ್ ಹಿಡಿಯುವ ಕ್ಲಿಪ್ ಬೇಕು. ಎಡಬಲಕ್ಕೆ ಬ್ರ್ಯಾಕೆಟ್ ತಿರುವುಮುರುವು.

ಡಬ್ಬದ ಮೇಲಿನ ಹೆಸರು ನಂಬಿ ಮನೆಗೆ ತರುವುದಕ್ಕಿಂತ ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟು ನೋಡುವುದು ಲೇಸು. ಬ್ರ್ಯಾಕೆಟ್ಟಿನ ಎರಡು ತೂತುಗಳ ಅಂತರ, ತೂತಿನ ಗಾತ್ರ, ಸ್ಪ್ರಿಂಗ್ ತಟ್ಟೆಯ ಅಗಲ, ಕೊಳವೆಯಿಂದ ಹೊರಚಾಚಿದ ರಾಡಿನ ತುದಿಯ ಮರೆ (ತಿರುಪಿನ ಗೆರೆ), ಬ್ರೇಕ್ ಹೋಸ್ ಸಿಕ್ಕಿಸುವ ಕೊಕ್ಕೆ ಇರುವ ಜಾಗ, ಇವು ಐದೂ ತಾಳೆಯಾಗಬೇಕು. ಲೋಕಲ್ ಮಾಲಿನಲ್ಲಿ ಸಾಮಾನ್ಯವಾಗಿ ಕೈಕೊಡುವುದು ಕೊನೆಯದು. ಕೊಕ್ಕೆ ಒಂದಿಂಚು ಆಚೀಚೆ ಆದರೂ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಹೋಸ್ ಸೆಟೆದುಕೊಳ್ಳುತ್ತದೆ ಇಲ್ಲವೇ ಟೈರಿಗೆ ಉಜ್ಜುತ್ತದೆ.

ಒಂದೇ ಬದಿಗೆ ಹಾಕಿಸಿ ದುಡ್ಡು ಉಳಿಸುವ ಆಸೆ ಬೇಡ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲವಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯಬಹುದು. ಜೋಡಿಯ ಜೊತೆಗೆ ಮೇಲಿನ ಮೌಂಟಿಂಗ್, ಅದರೊಳಗಿನ ಬೇರಿಂಗ್, ಬಂಪ್ ಸ್ಟಾಪರ್, ಧೂಳು ತಡೆಯುವ ಬೂಟ್, ಹೊಸ ನಟ್ಟು ಬೋಲ್ಟು ಕೊಳ್ಳಬೇಕು. ಬೂಟ್ ಹರಿದಿದ್ದರೆ ರಾಡಿನ ಹೊಳಪಿನ ಮೇಲೆ ಮರಳಿನ ಕಣ ಕೂತು ಸೀಲನ್ನು ಕೊರೆಯುತ್ತದೆ. ಹೊಸ ಸ್ಟ್ರಟ್ ಬೇಗ ಸೋರುವುದಕ್ಕೆ ಇದೊಂದೇ ಸಾಕು.

ತುಕ್ಕು ಹಿಡಿದ ಬೋಲ್ಟು

ಕರಾವಳಿಯ ಗಾಡಿಗಳ ಕೆಳಭಾಗ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಸ್ಟ್ರಟ್ಟಿನ ಬೋಲ್ಟು ನಕಲ್ ಜೊತೆ ಒಂದೇ ಮೈಯಾಗಿಬಿಟ್ಟಿರುತ್ತದೆ. ಬಯಲುಸೀಮೆಯ ಗಾಡಿಯಲ್ಲಿ ತುಕ್ಕು ಕಡಿಮೆ ಇದ್ದರೂ ಕೆಸರು ಗಟ್ಟಿಯಾಗಿ ಮರೆಗಳಲ್ಲಿ ಕೂತಿರುತ್ತದೆ.

ಅವಸರದ ಕೈ ನೇರವಾಗಿ ಪಾನಾಕ್ಕೆ ಪೈಪ್ ಸಿಕ್ಕಿಸಿ ತೂಗುತ್ತದೆ. ಆಗ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ, ಇಲ್ಲವೇ ಬೋಲ್ಟು ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ತಂತಿ ಬ್ರಷ್‌ನಿಂದ ಮರೆಯನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಹಳೆಯ ಮೆಕ್ಯಾನಿಕ್ಕುಗಳ ಪದ್ಧತಿ. ಡೀಸೆಲ್ ಸವರುವವರೂ ಇದ್ದಾರೆ, ತಕ್ಕಮಟ್ಟಿಗೆ ನಡೆಯುತ್ತದೆ. ಆರು ಮೂಲೆಯ ಬಾಕ್ಸ್ ಪಾನಾ ಹನ್ನೆರಡು ಮೂಲೆಯದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಮೊದಲು ತುಸು ಬಿಗಿಯುವ ದಿಕ್ಕಿಗೆ ಎಳೆದು ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ತುಕ್ಕಿನ ಪದರ ಒಡೆಯುತ್ತದೆ.

ಕೆಲವು ಕಾರುಗಳಲ್ಲಿ ಬೋಲ್ಟಿನ ತಲೆಯ ಕೆಳಗೆ ಸಣ್ಣ ಹಲ್ಲುಗಳಿದ್ದು ಅವು ಬ್ರ್ಯಾಕೆಟ್ಟನ್ನು ಕಚ್ಚಿರುತ್ತವೆ. ಅಲ್ಲಿ ತಲೆಯನ್ನು ತಿರುಗಿಸಲೇಬಾರದು, ತಿರುಗಿಸಿದರೆ ತೂತು ಅಗಲವಾಗುತ್ತದೆ. ತಲೆ ಹಿಡಿದು ನಟ್ಟು ಮಾತ್ರ ಬಿಚ್ಚಬೇಕು. ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ಹೊರಗೆ ತಳ್ಳುವ ಮುನ್ನ ನಟ್ಟನ್ನು ತುದಿಗೆ ಸಮವಾಗಿ ಬಿಟ್ಟಿರಬೇಕು. ಬರಿಯ ಮರೆಗೆ ಬಿದ್ದ ಪೆಟ್ಟು ಬೋಲ್ಟಿನ ತುದಿಯನ್ನು ಅರಳಿಸಿದರೆ ಅದು ತೂತಿನಲ್ಲಿ ನುಗ್ಗುವುದೇ ಇಲ್ಲ. ಗ್ಯಾಸ್ ಬೆಂಕಿ ಕೊಡುವುದು ಕೊನೆಯ ಉಪಾಯ. ಅದನ್ನು ನಟ್ಟಿಗೆ ಕೊಡಬೇಕೇ ಹೊರತು ಸ್ಟ್ರಟ್ಟಿನ ಕೊಳವೆಗೆ ಎಂದಿಗೂ ಅಲ್ಲ. ಒಳಗೆ ಎಣ್ಣೆ ಇದೆ, ಅನೇಕ ಸ್ಟ್ರಟ್ಟುಗಳಲ್ಲಿ ಒತ್ತಡದ ಗ್ಯಾಸ್ ಕೂಡ ಇದೆ; ಮುಚ್ಚಿದ ಕೊಳವೆ ಕಾದರೆ ಸಿಡಿಯಬಹುದು.

ಎಲ್ಲ ಕಾರುಗಳಲ್ಲೂ ಎರಡು ಬೋಲ್ಟಿನ ಬ್ರ್ಯಾಕೆಟ್ ಇರುವುದಿಲ್ಲ. ಫೋರ್ಡ್ ಐಕಾನ್, ಫಿಯೆಸ್ಟಾಗಳಲ್ಲಿ ಸ್ಟ್ರಟ್ಟಿನ ಬುಡ ನಕಲ್‌ನ ಬಾಯೊಳಗೆ ಇಳಿದು ಒಂದೇ ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಬೋಲ್ಟು ಬಂದರೂ ಕೊಳವೆ ಬರುವುದಿಲ್ಲ. ಸೀಳಿನಲ್ಲಿ ಉಳಿಯನ್ನೋ ತಕ್ಕ ಸಾಧನವನ್ನೋ ತೂರಿಸಿ ಬಾಯಿ ಅಗಲಿಸಿ, ನಕಲ್ಲನ್ನು ಅತ್ತಿತ್ತ ಆಡಿಸುತ್ತ ಕೆಳಗಿಳಿಸಬೇಕು. ನಕಲ್ ಎರಕದ ಲೋಹದ್ದು. ಅತಿಯಾಗಿ ಅಗಲಿಸಿದರೆ ಬಿರುಕು ಬಿಡುತ್ತದೆ.

ತೂಗುಬಿದ್ದ ಹಬ್

ಹಳೆಯ ಸುಜುಕಿ ಕಾರುಗಳಲ್ಲಿ ಬ್ರೇಕ್ ಹೋಸನ್ನು ಸ್ಟ್ರಟ್ಟಿಗೆ ಹಿಡಿದಿರುವುದು ಒಂದು ಪುಟ್ಟ ತಗಡಿನ ಕ್ಲಿಪ್. ಅದನ್ನು ಎಗರಿಸಿದರೆ ಹೋಸ್ ಪಕ್ಕಕ್ಕೆ ಸರಿಯುತ್ತದೆ. ಬೇರೆ ಕೆಲವು ಹಳೆಯ ಕಾರುಗಳಲ್ಲಿ ಹೋಸ್ ಮುಚ್ಚಿದ ಬಳೆಯೊಳಗೆ ಹಾದಿರುತ್ತದೆ. ಅಲ್ಲಿ ಬ್ರೇಕ್ ಲೈನನ್ನೇ ಬಿಚ್ಚಬೇಕು, ತುಕ್ಕು ಹಿಡಿದ ಪೈಪಿನ ನಟ್ಟು ಸವೆದರೆ ಹೊಸ ಪೈಪ್ ಹಾಕಬೇಕು, ಕೊನೆಗೆ ಗಾಳಿ ತೆಗೆಯಬೇಕು. ಸ್ಟ್ರಟ್ ಕೆಲಸ ಹೀಗೆ ಬ್ರೇಕ್ ಕೆಲಸವಾಗಿ ಬೆಳೆಯುತ್ತದೆ.

ಬೋಲ್ಟು ಕಳಚಿದ ಕ್ಷಣ ಹಬ್ ಹೊರಕ್ಕೆ ವಾಲುತ್ತದೆ. ಆ ಭಾರ ಬ್ರೇಕ್ ಹೋಸಿನ ಮೇಲೆ ಬೀಳಬಾರದು. ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಎಳೆದುಕೊಂಡು ಕಳಚಬಹುದು, ಹಾಗಾದರೆ ಆ ಜಾಯಿಂಟಿನ ಬೂಟ್ ಬಿಚ್ಚಿ ಮತ್ತೆ ಕೂರಿಸುವ ಇನ್ನೊಂದು ಕೆಲಸ. ಒಂದು ಮೊಳ ಬೈಂಡಿಂಗ್ ವೈರ್‌ನಿಂದ ಹಬ್ಬನ್ನು ಕಟ್ಟಿ ನಿಲ್ಲಿಸಿದರೆ ಈ ತಾಪತ್ರಯವೇ ಇಲ್ಲ. ಎಷ್ಟೋ ಗ್ಯಾರೇಜುಗಳಲ್ಲಿ ಇಷ್ಟನ್ನೂ ಮಾಡುವುದಿಲ್ಲ ಎಂಬುದು ಸೋಜಿಗ.

ಸ್ಪ್ರಿಂಗ್ ಬಿಚ್ಚುವ ಅಪಾಯದ ಘಟ್ಟ

ಇಡೀ ಕೆಲಸದಲ್ಲಿ ಪ್ರಾಣಕ್ಕೆ ಹೆಚ್ಚು ಸಂಚಕಾರ ತರಬಲ್ಲ ಘಟ್ಟ ಇದು. ಗಾಡಿಯಿಂದ ಇಳಿಸಿದ ಸ್ಟ್ರಟ್ಟಿನಲ್ಲೂ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಮೇಲಿನ ಒಂದು ನಟ್ಟು ಅದನ್ನು ತಡೆದು ಹಿಡಿದಿರುತ್ತದೆ. ಉದಾಹರಣೆಗೆ, ಪ್ರತಿ ಮಿಲಿಮೀಟರಿಗೆ 20 ನ್ಯೂಟನ್ ಬಿಗಿತದ ಸ್ಪ್ರಿಂಗನ್ನು 100 ಮಿ.ಮೀ. ಅದುಮಿದರೆ ಅದು 2000 ನ್ಯೂಟನ್ ಬಲದಿಂದ, ಅಂದರೆ ಸುಮಾರು 200 ಕೆ.ಜಿ. ಭಾರದಷ್ಟು ಜೋರಿನಿಂದ, ತಿರುಗಿ ಒತ್ತುತ್ತಿರುತ್ತದೆ. ಅದರಲ್ಲಿ ಅಡಗಿದ ಶಕ್ತಿ 100 ಜೌಲ್. ಒಂದು ಮೀಟರ್ ಎತ್ತರದಿಂದ ಹತ್ತು ಕೆ.ಜಿ. ಕಲ್ಲು ಕಾಲ ಮೇಲೆ ಬಿದ್ದ ಹಾಗೆ, ಆದರೆ ಇದು ಬೀಳುವುದಲ್ಲ, ಮುಖದ ಕಡೆಗೆ ಹಾರುವುದು.

ಹಗ್ಗ ಕಟ್ಟಿ, ಕಾಲಲ್ಲಿ ಅದುಮಿ ಹಿಡಿದು ನಟ್ಟು ಬಿಚ್ಚುವ ದೃಶ್ಯ ನಮ್ಮಲ್ಲಿ ಈಗಲೂ ಕಾಣಸಿಗುತ್ತದೆ. ಅದನ್ನು ಧೈರ್ಯ ಎನ್ನಲಾರೆ. ಸ್ಪ್ರಿಂಗ್ ಕಂಪ್ರೆಸರ್ ಎಂದರೆ ಕೊಕ್ಕೆಗಳಿರುವ ಎರಡು ಉದ್ದನೆಯ ಮರೆ ರಾಡು. ಇವನ್ನು ಎದುರುಬದುರಾಗಿ ಸಿಕ್ಕಿಸಿ, ಒಂದಕ್ಕೆ ಎರಡು ಮೂರು ಸುತ್ತು, ಇನ್ನೊಂದಕ್ಕೆ ಎರಡು ಮೂರು ಸುತ್ತು ಕೊಡುತ್ತ ಸಮವಾಗಿ ಬಿಗಿಯಬೇಕು. ಒಂದೇ ಬದಿ ಬಿಗಿದರೆ ಸ್ಪ್ರಿಂಗ್ ಬಾಳೆಕಾಯಿಯಂತೆ ಬಾಗಿ ಕೊಕ್ಕೆ ಜಾರುತ್ತದೆ. ಸ್ಪ್ರಿಂಗ್ ತಟ್ಟೆಯಿಂದ ಬಿಟ್ಟುಕೊಂಡು ಕೈಯಲ್ಲಿ ತಿರುಗುವಷ್ಟು ಸಡಿಲವಾದ ಮೇಲಷ್ಟೇ ಮೇಲಿನ ನಟ್ಟಿಗೆ ಪಾನಾ.

ಆ ನಟ್ಟಿನದೇ ಒಂದು ಕಿರಿಕಿರಿ. ನಟ್ಟು ತಿರುಗಿಸಿದರೆ ರಾಡೂ ಜೊತೆಗೇ ತಿರುಗುತ್ತದೆ. ರಾಡಿನ ತುದಿಯಲ್ಲಿರುವ ಆಲನ್ ಕೀ ತೂತಿಗೋ ಚಪ್ಪಟೆ ಭಾಗಕ್ಕೋ ಕೀ ಕೊಟ್ಟು ಹಿಡಿದುಕೊಂಡೇ ಬಿಚ್ಚಬೇಕು. ಗಾಡಿಯಿಂದ ಇಳಿಸುವ ಮುಂಚೆ, ಚಕ್ರ ನೆಲದ ಮೇಲಿರುವಾಗಲೇ ಈ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿಕೊಂಡರೆ ಆಮೇಲೆ ಹೆಣಗಾಟ ಕಡಿಮೆ. ಪೂರ್ತಿ ಬಿಚ್ಚಬಾರದು ಎಂಬುದನ್ನು ಮಾತ್ರ ಮರೆಯಬಾರದು. ಹೊಸ ಸ್ಟ್ರಟ್ಟಿನ ರಾಡನ್ನು ಪ್ಲಯರ್‌ನಿಂದ ಹಿಡಿದರೆ ಕ್ರೋಮ್ ಮೇಲೆ ಗೀರು ಬಿದ್ದು ಮೊದಲ ತಿಂಗಳಲ್ಲೇ ಎಣ್ಣೆ ಸೋರೀತು.

ರಿಪೇರಿ ಮಾಡಿದ ಶಾಕ್

ಕೆಲವು ಹಳೆಯ ವಿದೇಶಿ ಕಾರುಗಳಲ್ಲಿ, ಬಿಎಂಡಬ್ಲ್ಯು ಇ30 ಒಂದು ಉದಾಹರಣೆ, ಹೊರಗಿನ ಕೊಳವೆ ಗಾಡಿಯಲ್ಲೇ ಉಳಿದು ಒಳಗಿನ ಕಾರ್ಟ್ರಿಜ್ ಮಾತ್ರ ಬದಲಾಗುತ್ತದೆ. ಸಣ್ಣ ಭಾರತೀಯ ಕಾರುಗಳ ಸ್ಟ್ರಟ್ ಸಾಮಾನ್ಯವಾಗಿ ಸೀಲಾದ ಒಂದೇ ತುಂಡು. ಆದರೂ ಅದನ್ನು ಕೊಯ್ದು, ಸೀಲ್ ಬದಲಿಸಿ, ಎಣ್ಣೆ ತುಂಬಿ ಮತ್ತೆ ಮುಚ್ಚಿಕೊಡುವವರು ಊರೂರಲ್ಲೂ ಇದ್ದಾರೆ. ಒಳಗಿನ ಕವಾಟ ಸವೆದಿದ್ದರೆ ಎಣ್ಣೆಯಿಂದ ಏನೂ ಆಗದು. ಎಣ್ಣೆ ಹೆಚ್ಚಾದರೂ ತಪ್ಪು: ರಾಡು ಒಳಗೆ ಹೋದಾಗ ಅದರ ಗಾತ್ರದಷ್ಟು ಜಾಗ ಬೇಕು, ಜಾಗವಿಲ್ಲದಿದ್ದರೆ ಸ್ಟ್ರಟ್ ಕಬ್ಬಿಣದ ಸಲಾಕೆಯಾಗಿ ಸೀಲನ್ನು ಒಡೆದುಕೊಳ್ಳುತ್ತದೆ. ಹೊಸದು ಸಿಗುವ ಕಾರಿಗೆ ಈ ದಾರಿ ಬೇಡ ಎಂಬುದು ನನ್ನ ಅಭಿಪ್ರಾಯ.

ಹೊಸದನ್ನು ಕೂರಿಸುವಾಗ

ಗ್ಯಾಸ್ ಇಲ್ಲದ ಎಣ್ಣೆ ಸ್ಟ್ರಟ್ ಗೋದಾಮಿನಲ್ಲಿ ಅಡ್ಡ ಮಲಗಿದ್ದಾಗ ಒಳಗಿನ ಕೊಳವೆಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಎಳೆದು ಪೂರ್ತಿ ಒತ್ತುವುದನ್ನು ನಾಲ್ಕೈದು ಸಲ ಮಾಡಿದರೆ ಗಾಳಿ ಹೋಗಿ ಎರಡೂ ದಿಕ್ಕಿಗೆ ಒಂದೇ ಸಮ ಬಿಗಿ ಸಿಗುತ್ತದೆ. ಸ್ಪ್ರಿಂಗಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಬೇರಿಂಗ್, ವಾಷರ್, ಮೇಲಿನ ತಟ್ಟೆ ಇವುಗಳ ಅನುಕ್ರಮ ತಪ್ಪಿದರೆ ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಹಿಂಡಿಕೊಂಡು ‘ಟಣ್’ ಎಂದು ಜಿಗಿಯುತ್ತದೆ. ಬಿಚ್ಚುವಾಗಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡವರು ಜಾಣರು.

ಕೆಳಗಿನ ತೂತುಗಳು ನಕಲ್‌ನ ತೂತಿಗೆ ಸಿಗದಿರುವುದು ಎಲ್ಲರಿಗೂ ಎದುರಾಗುವ ಕಷ್ಟ. ನಕಲ್ಲನ್ನು ಕೆಳಗಿನಿಂದ ಹಿಡಿದಿರುವ ಎರಡೂ ಬದಿಯ ಲೋವರ್ ಆರ್ಮುಗಳು ಆ್ಯಂಟಿ ರೋಲ್ ಬಾರ್‌ನಿಂದ ಜೋಡಿಯಾಗಿರುತ್ತವೆ. ಮಾರುತಿ 800ರಲ್ಲಂತೂ ಬಾರ್‌ನ ತುದಿ ಆರ್ಮಿನೊಳಗೇ ತೂರಿರುತ್ತದೆ. ಒಂದು ಬದಿಯ ಚಕ್ರ ಮಾತ್ರ ಎತ್ತಿದ್ದರೆ ಇನ್ನೊಂದು ಬದಿ ಈ ಬದಿಯ ಆರ್ಮನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಮುಂಭಾಗದ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಆರ್ಮನ್ನು ಟಾಮಿ ರಾಡಿನಿಂದ ಕೆಳಗೆ ಅದುಮಿದರೆ ತೂತು ತಾನಾಗಿ ಎದುರಾಗುತ್ತದೆ. ಬೋಲ್ಟನ್ನು ಸುತ್ತಿಗೆಯಿಂದ ತುರುಕುವ ಅಗತ್ಯ ಬೀಳಬಾರದು. ಬಿಗಿಯ ಅಳತೆ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿದೆ. ಅಂದಾಜಿಗೆ ಹೇಳುವುದಾದರೆ 30 ಸೆಂ.ಮೀ. ಉದ್ದದ ಪಾನಾದ ತುದಿಗೆ 30 ಕೆ.ಜಿ. ಭಾರ ಹಾಕಿದರೆ ಸುಮಾರು 88 ನ್ಯೂಟನ್ ಮೀಟರ್ ಆಗುತ್ತದೆ.

ಬಾನೆಟ್ ಕೆಳಗಿನ ತಗಡಿನ ಗೂಡನ್ನೂ ಈ ಹೊತ್ತಿನಲ್ಲೇ ನೋಡಬೇಕು. ಸ್ಟ್ರಟ್ಟಿನ ತಲೆ ಕೂರುವ ಜಾಗ ತುಕ್ಕು ತಿಂದು ಬಿರುಕು ಬಿಟ್ಟಿದ್ದರೆ ಹೊಸ ಸ್ಟ್ರಟ್ ಅದನ್ನು ಇನ್ನಷ್ಟು ಜೋರಾಗಿ ಗುದ್ದುತ್ತದೆ. ಟಿಂಕರ್ ಕೆಲಸ ಮೊದಲು, ಸ್ಟ್ರಟ್ ಆಮೇಲೆ.

ಅಲೈನ್‌ಮೆಂಟ್

ಎರಡು ಬೋಲ್ಟುಗಳ ನಡುವೆ 55 ಮಿ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ತೂತಿನ ಸಡಿಲದಿಂದ ಒಂದು ಬೋಲ್ಟು ಒಂದೇ ಒಂದು ಮಿಲಿಮೀಟರ್ ಸರಿದರೂ ಚಕ್ರದ ವಾಲು, ಅಂದರೆ ಕ್ಯಾಂಬರ್, ಸುಮಾರು ಒಂದು ಡಿಗ್ರಿ ಬದಲಾಗುತ್ತದೆ. ಟೈರಿನ ಒಂದು ಅಂಚು ಸವೆಯಲು ಅಷ್ಟು ಸಾಕು. ಬಿಚ್ಚುವ ಮೊದಲು ಬ್ರ್ಯಾಕೆಟ್ ಮತ್ತು ನಕಲ್ ಸೇರುವಲ್ಲಿ ಗೆರೆ ಹಾಕಿಕೊಂಡರೂ ಹೊಸ ಬ್ರ್ಯಾಕೆಟ್ಟಿಗೆ ಅದು ಅಂದಾಜಷ್ಟೇ. ಕ್ಯಾಂಬರ್ ಸರಿದರೆ ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಕೂಡ ಸರಿಯುತ್ತದೆ, ಹಾಗಾಗಿ ಅಲೈನ್‌ಮೆಂಟ್ ಮಾಡಿಸದೆ ಗತಿಯಿಲ್ಲ. ಹೊಸ ರಬ್ಬರುಗಳು ಕೂತುಕೊಳ್ಳಲಿ ಎಂದು ಒಂದೆರಡು ದಿನ ಊರೊಳಗೆ ಓಡಿಸಿ ಆಮೇಲೆ ಮಾಡಿಸುವುದು ಒಳ್ಳೆಯದು.

ಆ ಎರಡು ದಿನದಲ್ಲಿ ಮೂರು ಸಂಗತಿ ಗಮನಿಸಿ. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಮೇಲಿನ ಬೇರಿಂಗ್ ಬಿಗಿಹಿಡಿದಿರಬಹುದು. ಹಂಪ್ ಮೇಲೆ ಒಣ ‘ಟಕ್’ ಕೇಳಿದರೆ ರಾಡಿನ ನಟ್ಟು ಪೂರ್ತಿ ಕೂತಿಲ್ಲದಿರಬಹುದು. ಸ್ಟಿಯರಿಂಗ್ ಕೊನೆಯವರೆಗೆ ತಿರುಗಿಸಿದಾಗ ಉಜ್ಜುವ ಸದ್ದು ಬಂದರೆ ಗಾಡಿ ಅಲ್ಲೇ ನಿಲ್ಲಿಸಿ ಬ್ರೇಕ್ ಹೋಸ್ ನೋಡಿ.