ಒಕ್ಕಲು, ಫಾರ್ಮರ್ ಮತ್ತು ನಮ್ಮ ಕಾಲೊನಿ

ಕೆಲವು ವರ್ಷಗಳ ಕೆಳಗೆ ನಾನು ಕರ್ನಾಟಕದ ಗಡಿಗೆ ಸಮೀಪವಾದ ತೆಲಂಗಾಣದ ಒಂದು ಹಳ್ಳಿಯ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಕೌಂಟರಿಗೆ ಬರುವವರಲ್ಲಿ ಕನ್ನಡ ಬಲ್ಲವರು ಬಹಳ ಮಂದಿ. ಒಂದು ದಿನ ಬಿತ್ತನೆಗೆ ಸಾಲ ಬೇಕೆಂದು ವಯಸ್ಸಾದವರೊಬ್ಬರು ಮೊಮ್ಮಗಳೊಡನೆ ಬಂದರು. ಅರ್ಜಿಯಲ್ಲಿ ವೃತ್ತಿಯೆಂಬ ಅಂಕಣವಷ್ಟೆ. "ಏನ್ ಮಾಡ್ತೀರಿ ಕಾಕಾ?" ಎಂದೆ. "ಒಕ್ಕಲುತನರೀ ಸಾಹೇಬ್ರ" ಎಂದರು. "ಪಟ್ಟಾ ನಿಮ್ಮ ಹೆಸರಿನ್ಯಾಗ ಅದ ಏನ್ರಿ?" "ಇಲ್ರೀ, ಕೌಲಿಗಿ ಹಿಡದೀನಿ. ಇಪ್ಪತ್ತ್ ವರ್ಷ ಆಯ್ತು."

ಪಟ್ಟಾ ಇಲ್ಲದವರ ಅರ್ಜಿ ಮುಂದೆ ಸಾಗದೆಂದು ಹೇಳಿ, ಉಳಿತಾಯ ಖಾತೆಯನ್ನಾದರೂ ತೆರೆದುಕೊಡೋಣವೆಂದು ಅದರ ಅರ್ಜಿ ತೆಗೆದುಕೊಂಡು, ವೃತ್ತಿಯ ಅಂಕಣದಲ್ಲಿ ಇಂಗ್ಲಿಷಿನಲ್ಲಿ 'ಲೇಬರರ್' ಎಂದು ಬರೆದೆ. ಶಾಲೆಗೆ ಹೋಗುವ ಹುಡುಗಿ ಅದನ್ನು ಓದಿ, "ಮುತ್ಯಾ, ಕೂಲಿ ಅಂತ ಬರದಾರ" ಎಂದಳು. ಅವರು ನನ್ನ ಮುಖವನ್ನೊಮ್ಮೆ ನೋಡಿ, ಏನೂ ಅನ್ನದೆ ಹೆಬ್ಬೆಟ್ಟೊತ್ತಿ ಹೋದರು.

ನಾನು ಭಾಷಾಪಂಡಿತನಲ್ಲ. ಓದಿದ್ದು ಬಿ.ಕಾಂ.; ಜಮಾ ಖರ್ಚಿನಾಚೆಗೆ ನನ್ನ ಪಾಂಡಿತ್ಯ ಹೋಗದು. ಆದರೂ ಆ ಅಂಕಣ ನನ್ನನ್ನು ಬಿಡಲಿಲ್ಲ. ಒಕ್ಕಲುತನಕ್ಕೆ ತಕ್ಕ ಇಂಗ್ಲಿಷ್ ಮಾತು ಯಾವುದು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶ, ಕಂಪನಿ ಸರಕಾರದ ಅಧಿಕಾರಿಗಳಿಗಾಗಿ ಎಚ್. ಎಚ್. ವಿಲ್ಸನ್ ಅವರು 1855ರಲ್ಲಿ ಹೊರತಂದ ಕಂದಾಯದ ಮಾತುಗಳ ಕೋಶ, ಇಂಗ್ಲಿಷಿನ ವ್ಯುತ್ಪತ್ತಿ ಕೋಶಗಳು, ಇವುಗಳ ಬೆನ್ನು ಹತ್ತಿದೆ. ಅಲ್ಲಿ ಕಂಡದ್ದನ್ನು ವಾಚಕರ ಮುಂದಿಡುತ್ತೇನೆ.

ಒಕ್ಕಲು ಎಂದರೆ ಮೂಲದಲ್ಲಿ ಬೇಸಾಯವಲ್ಲ, ವಾಸ. ಒಲೆ ಹೂಡಿ ನೆಲೆನಿಂತ ಸಂಸಾರ. ಶಾಸನಗಳಲ್ಲಿ 'ತೆಲ್ಲಿಗರ ಐವತ್ತೊಕ್ಕಲು' ಎಂಬ ಮಾತು ಬರುತ್ತದೆ. ತೆಲ್ಲಿಗರು ಗಾಣದವರು, ಅವರ ಐವತ್ತೊಕ್ಕಲೆಂದರೆ ಐವತ್ತು ಮನೆಯವರ ಕೂಟ. ಕಣದಲ್ಲಿ ತೆನೆ ಒಕ್ಕುವುದರಿಂದ ಒಕ್ಕಲು ಎಂಬುದು ಬಂದಿತೆಂದು ಹೇಳುವವರೂ ಉಂಟು. ಎಣ್ಣೆ ತೆಗೆಯುವವರಿಗೂ ಸಲ್ಲುತ್ತಿದ್ದ ಮಾತನ್ನು ಕಣಕ್ಕೆ ಕಟ್ಟಿಹಾಕುವುದು ನನಗೇನೋ ಒಪ್ಪಿಗೆಯಾಗದು. ನೆಲದ ಮೇಲೆ ನೆಲೆಸಿದವನೇ ಅದನ್ನು ಉಳುವವನೂ ಆದುದರಿಂದ, ಮನೆಯ ಹೆಸರು ಕಸುಬಿಗೂ ಸಂದಿತು. ಬೇರೆಯವರ ನೆಲದಲ್ಲಿ ಸಾಗುವಳಿ ಮಾಡುವವನೂ ಒಕ್ಕಲಾದನು. ಇನ್ನೊಂದು ಅರ್ಥ ನಮ್ಮ ಮನೆಗಳಲ್ಲಿ ಈಗಲೂ ಬಳಕೆಯಲ್ಲಿದೆ. ಹೆಣ್ಣು ಗಂಡು ನೋಡುವಾಗ "ನೀವು ಯಾವ ದೇವರ ಒಕ್ಕಲು?" ಎಂದು ಕೇಳುವುದಿಲ್ಲವೆ? ನೆಲೆಸುವುದು, ಉಳುವುದು, ದೇವರಿಗೆ ನಡೆದುಕೊಳ್ಳುವುದು, ಮೂರೂ ಒಂದೇ ಮಾತಿನಲ್ಲಿ.

ಈಗ ಲ್ಯಾಟಿನ್ ಭಾಷೆಯ 'ಕೊಲೆರೆ' ಎಂಬ ಕ್ರಿಯಾಪದವನ್ನು ನೋಡಿರಿ. ಅದಕ್ಕೆ ಕೋಶಗಳು ಕೊಡುವ ಅರ್ಥ: ನೆಲೆಸು, ಉಳು, ಆರಾಧಿಸು. ಅವೇ ಮೂರು! ಆ ಭಾಷೆಗೂ ನಮ್ಮದಕ್ಕೂ ಯಾವ ನಂಟೂ ಇಲ್ಲ; ನೇಗಿಲು ಹಿಡಿದವರ ಬಾಳುವೆ ಎಲ್ಲೆಡೆಯಲ್ಲೂ ಒಂದೇ ತೆರನಾದುದರಿಂದ ಮಾತೂ ಒಂದೇ ಹಾದಿ ಹಿಡಿದಿರಬೇಕು. ಕಲ್ಟಿವೇಶನ್, ಕಲ್ಚರ್, ಅಗ್ರಿಕಲ್ಚರಿನ ಹಿಂಭಾಗ, ಪಂಥವೆಂಬ ಅರ್ಥದ ಕಲ್ಟ್, ಎಲ್ಲವೂ ಇದರ ಮಕ್ಕಳು. ಇದರಿಂದಲೇ 'ಕೊಲೋನುಸ್' ಎಂಬ ಮಾತಾಯಿತು. ಉಳುವವನು, ಹೊಸ ನೆಲದಲ್ಲಿ ನೆಲೆಸಿದವನು ಎಂದರ್ಥ. ರೋಮಿನ ಕೊನೆಗಾಲದ ಕಾಯಿದೆಗಳಲ್ಲಿ ಅದೇ ಮಾತು ಒಡೆಯನ ನೆಲಕ್ಕೆ ಕಟ್ಟುಬಿದ್ದ ಗೇಣಿದಾರನಿಗೆ ಸಂದಿತು. ಕೊಲೋನುಸರು ನೆಲೆಸಿದ ಊರು 'ಕೊಲೋನಿಯ'. ಇಂಗ್ಲಿಷಿನಲ್ಲಿ ಅದೇ ಕಾಲೊನಿ.

ನಮ್ಮ ತಾರ್ನಾಕದಲ್ಲಿ ಕಾಲೊನಿಯ ಹೆಸರು ಹೇಳದೆ ಆಟೋದವನು ಕದಲುವುದಿಲ್ಲ. ಕಲಬುರಗಿ, ಬೀದರ, ರಾಯಚೂರುಗಳಿಂದ ನೌಕರಿಗಾಗಿ ಬಂದು ಇಲ್ಲಿ ಮನೆ ಹಿಡಿದ ನಾವೆಲ್ಲರೂ ಮಾತಿನ ಮಟ್ಟಿಗೆ ಒಕ್ಕಲುಗಳೇ. ತಾರ್ನಾಕವೆಂಬ ಹೆಸರನ್ನೂ ಹಳಬರು ತೋಟಕ್ಕೇ ಒಯ್ದು ಮುಟ್ಟಿಸುವುದುಂಟು: ನಿಜಾಮರ ಕಾಲದಲ್ಲಿ ಇಲ್ಲಿ ಹಣ್ಣಿನ ತೋಟವೂ, ಅದಕ್ಕೆ ತಂತಿಯ ಬೇಲಿಯೂ, ಕಾವಲಿನ ನಾಕಾ ಕಟ್ಟೆಯೂ ಇದ್ದುವಂತೆ. ತಂತಿಗೆ ಉರ್ದುವಿನಲ್ಲಿ ತಾರ್ ಎನ್ನುವರು.

ಇಂಗ್ಲಿಷರ ಸ್ವಂತ ಮಾತುಗಳೂ ಇದೇ ದಾರಿಯವು. ಹಸ್ಬೆಂಡ್ ಎಂದರೆ ಮೊದಲು ಗಂಡನಲ್ಲ, ಮನೆಯಲ್ಲಿ ನೆಲೆಸಿದ ಯಜಮಾನ. ಆದುದರಿಂದ ಹಸ್ಬೆಂಡ್ರಿ ಎಂದರೆ ಬೇಸಾಯ. ಒಕ್ಕಲುತನಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ದೊರೆಯಲಿಲ್ಲ. (ಬ್ಯಾಂಕಿನ ಅರ್ಜಿಯಲ್ಲಿ ಹಾಗೆ ಬರೆದರೆ ಮ್ಯಾನೇಜರು ನನ್ನನ್ನು ಕರೆದು ವಿಚಾರಿಸಿಕೊಂಡಾರು!) ನೇಬರ್ ಎಂಬಲ್ಲಿನ ಉತ್ತರಾರ್ಧಕ್ಕೂ ನೆಲೆಸಿದವನು, ಉಳುವವನು ಎಂಬುದೇ ಅರ್ಥ, ನೆರೆಮನೆಯವನೆಂದರೆ ಹತ್ತಿರದ ಒಕ್ಕಲು. ಉಳು ಎಂಬರ್ಥದ ಟಿಲ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಶ್ರಮಿಸು, ಪ್ರಯತ್ನಿಸು ಎಂದಿತ್ತು. ನಮ್ಮ ಬೇಸಾಯವೂ ಸಂಸ್ಕೃತದ ವ್ಯವಸಾಯದಿಂದ, ಅಂದರೆ ಉದ್ಯಮ, ಪ್ರಯತ್ನ ಎಂಬುದರಿಂದ, ಬಂದುದು. ಇಲ್ಲಿಯ ತೆಲುಗರು ಅದನ್ನು ತದ್ಭವ ಮಾಡದೆ ವ್ಯವಸಾಯಂ ಎಂದೇ ಅನ್ನುತ್ತಾರೆ.

ಆದರೆ ಫಾರ್ಮರ್ ಎಂಬ ಮಾತಿನ ಕಥೆ ಬೇರೆ. ಅದರಲ್ಲಿ ಮಣ್ಣಿನ ವಾಸನೆಯೇ ಇಲ್ಲ. ನಡುಗಾಲದ ಲ್ಯಾಟಿನಿನಲ್ಲಿ 'ಫಿರ್ಮ' ಎಂದರೆ ಹೆಚ್ಚು ಕಡಿಮೆಯಿಲ್ಲದಂತೆ ಸ್ಥಿರಪಡಿಸಿದ ಮೊತ್ತ. ಅಂಥ ಮೊತ್ತಕ್ಕೆ ಕೊಟ್ಟ ಭೂಮಿ ಫಾರ್ಮ್ ಎನಿಸಿತು. ಯಾವ ಉಳುವ ಭೂಮಿಗಾದರೂ ಆ ಹೆಸರು ಸಂದದ್ದು ತೀರ ಈಚೆಗೆ. ವ್ಯಾಪಾರಿ ಸಂಸ್ಥೆಯನ್ನು ಫರ್ಮ್ ಎನ್ನುವುದೂ ಅದೇ ಬೇರಿನಿಂದ. ಫಾರ್ಮರ್ ಎಂದರೆ ಮೊದಲಲ್ಲಿ ಇಂತಿಷ್ಟು ಹಣ ಕಟ್ಟುವೆನೆಂದು ಒಪ್ಪಿ ತೆರಿಗೆ ಎತ್ತುವ ಹಕ್ಕು ಪಡೆದವನು. ಅವನಿಗೆ ನಮ್ಮಲ್ಲಿ ಬೇರೆಯೇ ಹೆಸರಿದೆ: ಗುತ್ತೇದಾರ. ಕಲಬುರಗಿಯ ಕಡೆ ಅದು ಮನೆತನದ ಹೆಸರೂ ಆಗಿ ನಿಂತಿದೆ. ನಿಜಾಮರ ಸೀಮೆಯಲ್ಲಿ ಕಂದಾಯವನ್ನು ಹೀಗೆ ಗುತ್ತಿಗೆಗೆ ಕೊಡುವ ಪದ್ಧತಿ ಬಹುಕಾಲ ನಡೆಯಿತು. ಸಾಹುಕಾರನು ಖಜಾನೆಗೆ ಹಣ ಕಟ್ಟಿ, ಹಳ್ಳಿಯಿಂದ ಕೈಲಾದಷ್ಟು ಹಿಂಡುವನು. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಅವರು ಅದನ್ನು ಮೆಲ್ಲಮೆಲ್ಲನೆ ಕಿತ್ತುಹಾಕಿ, ಸಂಬಳದ ಅಧಿಕಾರಿಗಳನ್ನಿಟ್ಟು, 1865ರಲ್ಲಿ ಜಿಲ್ಲೆಗಳ ಏರ್ಪಾಟು ಮಾಡಿದರು. ಆ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಕಂದಾಯದ ಫಾರ್ಮರ್ ಎಂದು ಕಂಡಾಗ ನೇಗಿಲು ಹೊತ್ತವನೆಂದು ತಿಳಿದರೆ ಅರ್ಥ ತಲೆಕೆಳಗಾಗುತ್ತದೆ. ರೈತನೆಂಬ ಮಾತಿಗೂ ದೊಡ್ಡ ಮಾನವೇನೂ ಇರಲಿಲ್ಲ. ಅರಬ್ಬಿಯ 'ರಅಯ್ಯತ್' ಎಂದರೆ ಮೇಯಿಸುವವನ ಹಿಂದೆ ಹೋಗುವ ಮಂದೆ, ಅದರಿಂದ ಪ್ರಜೆ, ಅದರಿಂದ ಕಂದಾಯ ಕೊಡುವವನು.

ಇದೆಲ್ಲ ಹಳೆಯ ಕಥೆಯೆನ್ನುವಂತಿಲ್ಲ. 1950ರ ಹೈದರಾಬಾದು ಗೇಣಿ ಕಾಯಿದೆ ಆಗ ನಮ್ಮ ಕನ್ನಡ ಜಿಲ್ಲೆಗಳಿಗೂ ಈ ತೆಲಂಗಾಣಕ್ಕೂ ಒಂದೇ. ಅದರಲ್ಲಿ 'ಸ್ವತಃ ಸಾಗುವಳಿ' ಎಂಬುದಕ್ಕೆ ಕೊಟ್ಟ ಅರ್ಥವನ್ನು ಓದಿ ನಾನು ಬೆರಗಾದೆ. ಸ್ವಂತ ದುಡಿಮೆಯೂ ಸ್ವತಃ ಸಾಗುವಳಿ. ತನ್ನ ಮೇಲ್ವಿಚಾರಣೆಯಲ್ಲಿ ಕೂಲಿಯವರಿಂದ ಮಾಡಿಸಿದರೆ ಅದೂ ಸ್ವತಃ ಸಾಗುವಳಿ. 1956ರ ನವೆಂಬರ್ 1ರಂದು ಎರಡು ಕಡೆಯವರೂ ಬೇರೆಯಾದೆವು. ಕರ್ನಾಟಕದಲ್ಲಿ 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸು ಅವರ ಸರಕಾರ ಮಾಡಿದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಿಂದಾಚೆಗೆ ಗೇಣಿ ಪದ್ಧತಿಯೇ ರದ್ದಾಗಿ, ಲಕ್ಷಾಂತರ ಒಕ್ಕಲುಗಳು ಭೂಮಿಗೆ ಒಡೆಯರಾದರು. ಸೈನಿಕರೇ ಮೊದಲಾದ ಕೆಲವರ ಹೊರತು ಹೊಸದಾಗಿ ಗೇಣಿಗೆ ಕೊಡುವುದಕ್ಕೂ ತಡೆಬಿತ್ತು. ಇತ್ತ ತೆಲಂಗಾಣದಲ್ಲಿ 2018ರಲ್ಲಿ ರೈತು ಬಂಧು ಯೋಜನೆ ಮೊದಲಾದಾಗ, ಎಕರೆಗೆ ಒಂದು ಬೆಳೆಗೆ 4000 ರೂಪಾಯಿ ಸಂದದ್ದು ಪಟ್ಟಾದಾರರಿಗೆ. ಕೌಲುದಾರರು ಆ ರೈತು ಎಂಬ ಮಾತಿನೊಳಗೆ ಸೇರಲಿಲ್ಲ. ಅದಕ್ಕೂ ಮೊದಲು, 2011ರಲ್ಲಿ, ಕೌಲುದಾರರಿಗೂ ಸಾಲ ದೊರೆಯಲೆಂದು ಗುರುತಿನ ಚೀಟಿ ಕೊಡುವ ಒಂದು ಕಾಯಿದೆ ಆಗಿತ್ತು. ಅಂಥ ಚೀಟಿ ಇದೆಯೇ ಎಂದು ಆ ಮುದುಕರನ್ನು ಕೇಳಬೇಕೆಂಬುದು ಅಂದು ನನಗೆ ಹೊಳೆಯಲಿಲ್ಲ. ಅಂಕಣ ತುಂಬುವ ಅವಸರ.

ಕೌಲು ಎಂಬುದೂ ಅರಬ್ಬಿ ಮಾತೇ. 'ಕೌಲ್' ಎಂದರೆ ಆಡಿದ ಮಾತು. ನಮ್ಮೂರ ಕಡೆ ಅದಕ್ಕೆ ಲಾವಣಿ ಎನ್ನುವರು. ಕಲಬುರಗಿ ಜಿಲ್ಲೆಯಲ್ಲಿ ನನ್ನ ತಂದೆಯವರಿಗೆ ಆರು ಎಕರೆ ಹೊಲವಿದೆ. ಅವರು ನೇಗಿಲು ಮುಟ್ಟಿ ಮೂವತ್ತು ವರ್ಷವಾಯಿತು. ನಾನು ನೌಕರಿಗೆ ಸೇರುವಾಗ ತುಂಬಿದ ಅರ್ಜಿಯಲ್ಲಿ ತಂದೆಯ ವೃತ್ತಿ ಎಂಬಲ್ಲಿ ಸಂಕೋಚವಿಲ್ಲದೆ 'ಅಗ್ರಿಕಲ್ಚರಿಸ್ಟ್' ಎಂದು ಬರೆದಿದ್ದೆ. ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ಹೊಲ ಮಾಡುವವನು ಬೇವು ಬೆಲ್ಲ ತಿಂದು ಕಟ್ಟೆಯ ಮೇಲೆ ಕುಳಿತು, "ಈ ವರ್ಷಾನೂ ನಾನೇ ಮಾಡ್ಲೇನ್ರೀ ಅಪ್ಪಾರ?" ಎಂದನು. "ಮಾಡಪ್ಪ" ಎಂದರು ತಂದೆಯವರು. ಅಷ್ಟೇ ಕೌಲು, ಕಾಗದವಿಲ್ಲ, ಸಾಕ್ಷಿಗೆ ನಾನೊಬ್ಬ. ಮರುದಿನ ಕಂಪ್ಯೂಟರಿನಲ್ಲಿ ಪಹಣಿ ತೆಗೆಸಿ ನೋಡಿದೆ. ಸಾಗುವಳಿದಾರನ ಅಂಕಣದಲ್ಲಿ ತಂದೆಯವರ ಹೆಸರಿತ್ತು.