ರೋಗಿಗಿಂತ ಮೊದಲು ಸೋರೆಕಾಯಿ

ಪುಣೆಯ ಕೊಂಢವಾಕ್ಕೆ ತಾಗಿಕೊಂಡಿರುವ ವಾನವಡಿಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯವಿದೆ. ಬಿ.ಸಿ. ರಾಯ್ ಸಮಿತಿಯ ಶಿಫಾರಸಿನಂತೆ 1948ರಲ್ಲಿ ಹುಟ್ಟಿದ ಸಂಸ್ಥೆ ಅದು. ಎಂಬಿಬಿಎಸ್ ತರಗತಿಗಳು ಶುರುವಾದದ್ದು 1962ರಲ್ಲಿ. ಮುಂದೆ 2019ರ ಹೊಸ ಪಠ್ಯಕ್ರಮ ಅದೂ ಸೇರಿದಂತೆ ದೇಶದ ವೈದ್ಯಕೀಯ ಕಾಲೇಜುಗಳಿಗೆಲ್ಲ ಸ್ಕಿಲ್ ಲ್ಯಾಬ್ ಕಡ್ಡಾಯ ಮಾಡಿತು. ಸೂಜಿ ಚುಚ್ಚುವುದು, ಹೊಲಿಗೆ ಹಾಕುವುದು, ನಿಂತ ಹೃದಯವನ್ನು ಒತ್ತಿ ಎಬ್ಬಿಸುವುದು, ಎಲ್ಲವನ್ನೂ ಅಲ್ಲಿ ಮೊದಲು ಗೊಂಬೆಯ ಮೇಲೆ ಕಲಿಯಬೇಕು.

ಇದು ಪಶ್ಚಿಮದಿಂದ ಬಂದ ಹೊಸ ವಿಧಾನವೆಂಬ ನಂಬಿಕೆ ವ್ಯಾಪಕವಾಗಿದೆ. ಗೊಂಬೆಯ ಮಟ್ಟಿಗೆ ಅದು ಸರಿ. ಉಸಿರು ತುಂಬಿ ಕಲಿಯುವ ಗೊಂಬೆಯನ್ನು 1960ರಲ್ಲಿ ತಯಾರಿಸಿದವನು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್. ಆದರೆ ಆ ಗೊಂಬೆಯ ಹಿಂದಿರುವ ವಿಚಾರ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲೇ ಇದೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಬಾರನೆಂದು ಅದು ಹೇಳುತ್ತದೆ. ಈ ಅಭ್ಯಾಸಕ್ಕೆ ಅಲ್ಲಿನ ಹೆಸರು ಯೋಗ್ಯಾ. ಕತ್ತರಿಸಲು ಸೋರೆ, ಸೌತೆ, ಕಲ್ಲಂಗಡಿ, ಸೀಳಲು ನೀರೂ ಕೆಸರೂ ತುಂಬಿದ ತೊಗಲ ಚೀಲ, ಕೆರೆಯಲು ಕೂದಲಿರುವ ಚರ್ಮ, ಸಿರೆ ಚುಚ್ಚಲು ಸತ್ತ ಪ್ರಾಣಿಯ ನಾಳ, ಇಲ್ಲವೆ ತಾವರೆಯ ದಂಟು, ಗಾಯದ ಆಳ ಶೋಧಿಸಲು ಹುಳು ತಿಂದ ಮರ, ಒಳಗಿನದನ್ನು ಕೀಳಲು ಹಲಸು, ಬಿಲ್ವಗಳ ತಿರುಳು, ಹೊಲಿಯಲು ಬಟ್ಟೆ, ಪಟ್ಟಿ ಕಟ್ಟಲು ಮನುಷ್ಯಾಕಾರದ ಗೊಂಬೆ. ಪ್ರತಿ ಕ್ರಿಯೆಗೂ ಅದರ ಗುಣಕ್ಕೆ ಒಪ್ಪುವ ವಸ್ತುವನ್ನು ಹುಡುಕಿದ ಗುರು ಎಂಥ ಮೇಷ್ಟರಾಗಿರಬೇಕು!

ಇಂಥ ಕೈವಿದ್ಯೆಗೆ ಮೈಸೂರನ್ನೂ ಪುಣೆಯನ್ನೂ ಜೋಡಿಸುವ ಸಾಕ್ಷ್ಯವೊಂದಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿಯವನಾದ ಕಾವಸ್‌ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಅವನಿಗೆ ಹೊಸ ಮೂಗು ಮಾಡಿಕೊಟ್ಟವನು ಪುಣೆ ಸೀಮೆಯ ಇಟ್ಟಿಗೆ ಕೆಲಸದ ಜಾತಿಯವನು: ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಹಣೆಯ ಮೇಲೆ ಅದರ ಅಳತೆ ಗುರುತಿಸಿ, ಅಲ್ಲಿನ ಚರ್ಮವನ್ನೇ ತಿರುಗಿಸಿ ಕೂರಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಇದನ್ನು ಪ್ರಕಟಿಸಿತು. ಅದನ್ನು ತಿಳಿದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, ಜೀವಂತ ರೋಗಿಯ ಮೇಲೆ ಕತ್ತಿ ಇಟ್ಟದ್ದು 1814ರಲ್ಲಿ. ಸುಶ್ರುತ ಹೇಳಿದ್ದೂ ಇದೇ ಕ್ರಮವನ್ನು.

ಇದನ್ನು ನಮ್ಮ ಹಿರಿಮೆಯೆಂದು ಮೆರೆಸುವುದು ನನ್ನ ಉದ್ದೇಶವಲ್ಲ. ಆ ಕುಶಲಕರ್ಮಿಯ ಹೆಸರನ್ನು ಕೂಡ ಆ ವರದಿ ಉಳಿಸಲಿಲ್ಲ. ಅವನ ವಿದ್ಯೆಗೆ ಕಾಲೇಜಿನಲ್ಲಿ ಪೀಠ ಸಿಗಲಿಲ್ಲ. ಬಹುಕಾಲ ನಮ್ಮ ಕಾಲೇಜುಗಳು ಉಪನ್ಯಾಸಕ್ಕೂ ನೆನಪಿನ ಪರೀಕ್ಷೆಗೂ ಕೊಟ್ಟ ಮಹತ್ವವನ್ನು ಕೈಗೆ ಕೊಡಲಿಲ್ಲ. ಆ ಲೋಪದ ಬೆಲೆ ತೆತ್ತವರು ಸರ್ಕಾರಿ ಆಸ್ಪತ್ರೆಯ ಬಡ ರೋಗಿಗಳು. ವಿದ್ಯಾರ್ಥಿಯ ಮೊದಲ ಸೂಜಿ ತಾಗುತ್ತಿದ್ದುದು ಅವರ ತೋಳಿಗೇ.

ಹಾಗಾಗಿ ಬೋಧಕರಲ್ಲಿ ಒಂದೇ ಬಿನ್ನಹ: ಸ್ಕಿಲ್ ಲ್ಯಾಬನ್ನು ತಪಾಸಣೆಯ ದಿನಕ್ಕಷ್ಟೇ ತೆರೆಯಬೇಡಿ. ಸಂಜೆಯೂ ಅದರ ಬಾಗಿಲು ತೆರೆದಿರಲಿ, ಕೈ ಪಳಗುವವರೆಗೂ ವಿದ್ಯಾರ್ಥಿ ಅಲ್ಲಿರಲಿ.