ಚಿತ್ರದ ಕೆಳಗಿನ ಹೆಸರು

ಬಾನುಲಿಯಲ್ಲಿ ಛಾಯಾಚಿತ್ರವನ್ನು ಕುರಿತು ಮಾತನಾಡುವುದೆಂದರೆ ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿದಂತೆ. ಆದರೂ ಈ ಸಾಹಸಕ್ಕೆ ನಾನು ಒಪ್ಪಿಕೊಂಡುದಕ್ಕೆ ಕಾರಣವಿದೆ. ಇಂದು ನಾನು ಹೇಳಬೇಕೆಂದಿರುವುದು ಚಿತ್ರಗಳ ಕಥೆಗಿಂತ ಹೆಚ್ಚಾಗಿ, ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಬೇಕಾದ, ಅನೇಕ ವೇಳೆ ಅಚ್ಚಾಗದೆಯೇ ಹೋದ ಒಂದು ಸಾಲಿನ ಕಥೆ. ಹೆಸರಿನ ಕಥೆ. ಅದನ್ನು ಕಿವಿಯಿಂದಲೂ ಕೇಳಬಹುದು.

ನಾನು ಓದಿದ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಯಾವುದೋ ಹಳೆಯ ವಾರಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರವೊಂದಿತ್ತು. ನೆಹರೂ ಅವರು ಪಾರಿವಾಳವೊಂದನ್ನು ಆಕಾಶಕ್ಕೆ ಹಾರಿಬಿಡುತ್ತಿರುವ ಚಿತ್ರ. ಶಿಕ್ಷೆಗೆ ಕಾದು ನಿಂತ ಹುಡುಗರಿಗೆ ನೋಡಲು ಬೇರೇನೂ ಇರಲಿಲ್ಲವಾದ್ದರಿಂದ ನಾನು ಅದನ್ನು ಬಹಳ ಸಲ ನೋಡಿದ್ದೇನೆ. ಚಿತ್ರದಲ್ಲಿರುವವರು ಯಾರೆಂದು ನಮಗೆಲ್ಲ ಗೊತ್ತಿತ್ತು. ತೆಗೆದವರು ಯಾರೆಂದು ಕೇಳಬೇಕೆಂದು ನಮಗಾಗಲಿ ನಮ್ಮ ಮೇಷ್ಟರುಗಳಿಗಾಗಲಿ ತೋಚಿರಲಿಲ್ಲ. ಮಳೆಗೆ ಕರ್ತೃವನ್ನು ಹುಡುಕುವವರುಂಟೆ? ಚಿತ್ರವೂ ಹಾಗೆಯೇ ಬಿದ್ದದ್ದು ಎಂದು ನಮ್ಮ ಭಾವನೆ. ಬಹಳ ವರ್ಷಗಳ ಅನಂತರ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಕೂದಲು ನರೆತ ಮೇಲೆ, ಪುಸ್ತಕವೊಂದರಲ್ಲಿ ಆ ಪಾರಿವಾಳ ಮತ್ತೆ ನನಗೆ ಎದುರಾಯಿತು. ಅದರ ಪಕ್ಕದಲ್ಲಿ ಹೋಮೈ ವ್ಯಾರಾವಾಲಾ ಎಂಬ ಹೆಸರಿತ್ತು.

ಹೋಮೈ ಅವರು ಹುಟ್ಟಿದ್ದು 1913ರ ಡಿಸೆಂಬರ್ 9ರಂದು, ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಕುಟುಂಬದಲ್ಲಿ. ತಂದೆ ಊರೂರು ತಿರುಗುವ ಉರ್ದು-ಪಾರ್ಸಿ ನಾಟಕ ಕಂಪನಿಯ ನಟರು. ನಮ್ಮ ಕಂಪನಿ ನಾಟಕಗಳ ಪರದೆ, ಸೀನು, ಹಾಡುಗಳ ಮೇಲೆ ಪಾರ್ಸಿ ರಂಗಭೂಮಿಯ ಋಣ ಎಷ್ಟಿದೆಯೆಂಬುದನ್ನು ಬಲ್ಲವರಿಗೆ ಈ ವಿವರ ರುಚಿಸೀತು. ಕುಟುಂಬ ಮುಂಬಯಿಗೆ ಬಂದು ನೆಲಸಿತು. ಮೆಟ್ರಿಕ್ಯುಲೇಷನ್ ತರಗತಿಯಲ್ಲಿ ಅವರೊಬ್ಬರೇ ಹುಡುಗಿ. ಮುಂದೆ ಜೆ. ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಆದರೆ ಕ್ಯಾಮರಾ ಕೈಗೆ ಬಂದದ್ದು ಶಾಲೆಯಿಂದಲ್ಲ, ಮಾಣೆಕ್‌ಷಾ ವ್ಯಾರಾವಾಲಾ ಎಂಬ ಯುವಕನಿಂದ. ಇವರಿಬ್ಬರ ಪರಿಚಯವಾದಾಗ ಹೋಮೈಗೆ 13 ವರ್ಷ. ಮಾಣೆಕ್‌ಷಾ ತಾವಾಗಿಯೇ ಛಾಯಾಗ್ರಹಣ ಕಲಿತವರು. ಕಲಿತದ್ದನ್ನು ಆಕೆಗೂ ಕಲಿಸಿದರು. 1941ರಲ್ಲಿ ಮದುವೆಯಾದರು.

ಆ ಕಾಲದ ಮುಂಬಯಿಯ ಪತ್ರಿಕೆಗಳಿಗೆ ಚಿತ್ರದ ಹಸಿವು ಹುಟ್ಟಿತ್ತು. ‘ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ ಹೆಸರಿಗೆ ತಕ್ಕಂತೆ ಚಿತ್ರಗಳಿಂದಲೇ ಬದುಕುವ ಪತ್ರಿಕೆ. ವಾರಕ್ಕೊಮ್ಮೆ ಪುಟ ತುಂಬಬೇಕು. ಎಲ್ಲ ಚಿತ್ರಗಳನ್ನೂ ಸಂಬಳದವರಿಂದ ತೆಗೆಸಲು ಯಾವ ಮಾಲೀಕನಿಗೂ ಗಿಟ್ಟದು. ಹೊರಗಿನಿಂದ ಬಿಡಿ ಚಿತ್ರಗಳನ್ನು ಕೊಳ್ಳುವ ಪದ್ಧತಿ ಬೆಳೆದದ್ದು ಹೀಗೆ. ಹೋಮೈ ಅವರ ಮೊದಲ ಚಿತ್ರಗಳು 1938ರ ಸುಮಾರಿನಲ್ಲಿ ‘ಬಾಂಬೆ ಕ್ರಾನಿಕಲ್’ನಲ್ಲಿ ಬಂದವು. ಮಹಿಳಾ ಸಂಘವೊಂದರ ವನಭೋಜನದ ಚಿತ್ರಗಳು. ಚಿತ್ರವೊಂದಕ್ಕೆ ಒಂದು ರೂಪಾಯಿ ಸಂಭಾವನೆ. ಮಹಾಯುದ್ಧ ಆರಂಭವಾದ ಮೇಲೆ ಯುದ್ಧಕಾಲದ ಮುಂಬಯಿಯ ಜನಜೀವನವನ್ನು ಚಿತ್ರಿಸುವ ಕೆಲಸ ‘ವೀಕ್ಲಿ’ಯಿಂದ ಬಂದಿತು.

ಈ ಬಗೆಯ ದುಡಿಮೆಗೆ ಇಂಗ್ಲಿಷಿನಲ್ಲಿ ‘ಫ್ರೀಲಾನ್ಸ್’ ಎಂಬ ಮಾತಿದೆ. ವಾಲ್ಟರ್ ಸ್ಕಾಟ್ ತನ್ನ ‘ಐವನ್‌ಹೋ’ ಕಾದಂಬರಿಯಲ್ಲಿ ಬಳಸಿದ ಮೇಲೆ ಪ್ರಚಾರಕ್ಕೆ ಬಂದದ್ದು. ಮೂಲತಃ ಯಾವ ಒಡೆಯನಿಗೂ ಸೇರದೆ, ಹಣ ಕೊಟ್ಟವರ ಪರವಾಗಿ ಭಲ್ಲೆ ಹಿಡಿಯುವ ಬಾಡಿಗೆ ಯೋಧ ಎಂದರ್ಥ. ಹಳಗನ್ನಡ ಓದಿದವರಿಗೆ ಇಲ್ಲಿ ‘ಜೋಳವಾಳಿ’ ನೆನಪಾಗದೆ ಇರದು. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರ ಪ್ರಾಣ ಕೊಡುವ ನಮ್ಮ ವೀರರಿಗೆ ಊರ ಮುಂದೆ ಕಲ್ಲು ನಿಲ್ಲುತ್ತಿತ್ತು. ಜೋಳವಾಳಿಯಿಲ್ಲದ ಭಟನಿಗೆ ಸ್ವಾತಂತ್ರ್ಯವೇನೋ ಉಂಟು. ವೀರಗಲ್ಲು ನಿಲ್ಲಿಸುವವರು ಮಾತ್ರ ಯಾರೂ ಇಲ್ಲ.

1942ರಲ್ಲಿ ದಂಪತಿಗಳು ದಿಲ್ಲಿಗೆ ಹೋದರು. ಬ್ರಿಟಿಷ್ ಸರಕಾರದ ವಾರ್ತಾಸಂಸ್ಥೆಯಲ್ಲಿ ಇಬ್ಬರಿಗೂ ಕೆಲಸ. ಜೊತೆಗೆ ಹೊರಗಿನ ಪತ್ರಿಕೆಗಳಿಗೂ ಚಿತ್ರ ತೆಗೆದುಕೊಡಲು ಅನುಮತಿ. ಹೀಗೆ ಹೋಮೈ ಒಂದು ಕೈಯಲ್ಲಿ ಜೋಳವಾಳಿ, ಇನ್ನೊಂದು ಕೈಯಲ್ಲಿ ಬಿಡಿ ಭಲ್ಲೆ ಹಿಡಿದರು. ಅಂದಿನ ದಿಲ್ಲಿ ಇಂದಿನಷ್ಟು ವಿಸ್ತಾರವಲ್ಲದಿದ್ದರೂ ಸೈಕಲ್ಲಿನಲ್ಲಿ ಸುತ್ತುವವರಿಗೆ ಸಣ್ಣದೇನೂ ಅಲ್ಲ. ಸೀರೆಯುಟ್ಟು, ಸಾಮಗ್ರಿಯ ಹೊರೆಯನ್ನು ಹೊತ್ತು, ಆಕೆ ಸೈಕಲ್ ತುಳಿಯುತ್ತ ಹೋಗುತ್ತಿದ್ದರು.

ಹೊರೆ ಎಂದೆನಷ್ಟೆ. ಅದರ ಸ್ವರೂಪ ಇಂದಿನ ಕಿರಿಯರಿಗೆ ತಿಳಿಯಲಾರದು. ಅವರ ಸ್ಪೀಡ್ ಗ್ರಾಫಿಕ್ ಕ್ಯಾಮರಾದಲ್ಲಿ ಸುರುಳಿಯಿಲ್ಲ. 4 ಅಂಗುಲ ಅಗಲ, 5 ಅಂಗುಲ ಉದ್ದದ ಬಿಡಿ ಬಿಡಿ ಫಿಲಂ ಹಾಳೆಗಳು. ಒಂದು ಚೌಕಟ್ಟಿನ ಎರಡು ಮಗ್ಗುಲಿಗೆ ಎರಡು ಹಾಳೆ. ಒಂದು ಚಿತ್ರ ತೆಗೆದು, ಮುಚ್ಚಳ ಸರಿಸಿ, ಚೌಕಟ್ಟನ್ನು ಹೊರಳಿಸಿ ಹಾಕಿ, ಮತ್ತೆ ಮುಚ್ಚಳ ಎಳೆದರೆ ಇನ್ನೊಂದು. ಬೆಳಕಿನ ಬಲ್ಬು ಒಮ್ಮೆ ಮಿಂಚಿದರೆ ಸುಟ್ಟುಹೋಯಿತು. ಕೈಸುಡುವ ಅದನ್ನು ಕಿತ್ತು ಹೊಸದು ಸಿಕ್ಕಿಸಬೇಕು. ರೋಲೀಫ್ಲೆಕ್ಸ್ ಇದಕ್ಕಿಂತ ಹಗುರ, ಸುರುಳಿಗೆ 12 ಚಿತ್ರ. ಬಿಡಿ ದುಡಿಮೆಯವರಿಗೆ ಪ್ರತಿಯೊಂದು ಹಾಳೆಯೂ ಪ್ರತಿಯೊಂದು ಬಲ್ಬೂ ಕೈಯಿಂದ ಬಿದ್ದ ಕಾಸು. ಆದುದರಿಂದ ನಾಯಕರು ಮುಖ ತಿರುಗಿಸುವ ಮೊದಲೇ ಅವರ ಮನಸ್ಸು ಎತ್ತ ತಿರುಗೀತೆಂದು ಊಹಿಸಬೇಕಾಗಿತ್ತು. ಕಾಯುವುದೇ ಆ ವೃತ್ತಿಯ ಮುಕ್ಕಾಲು ಪಾಲು.

ಗಂಡಸರೇ ತುಂಬಿದ ಆ ಕ್ಷೇತ್ರದಲ್ಲಿ ಹೆಂಗಸಾಗಿರುವುದು ತೊಡಕೇ ಆಗಿದ್ದಿರಬೇಕೆಂದು ನಾವು ಭಾವಿಸುತ್ತೇವೆ. ಹೋಮೈ ಅವರು ಇದಕ್ಕೆ ಸ್ವಾರಸ್ಯವಾದ ತಿರುವು ಕೊಡುತ್ತಿದ್ದರು. ಸೀರೆಯುಟ್ಟ ಹೆಂಗಸು ಕ್ಯಾಮರಾ ಹಿಡಿದು ಸುಮ್ಮನೆ ಆಟವಾಡುತ್ತಿದ್ದಾಳೆಂದು ಜನ ಬಗೆದರಂತೆ. ಯಾರೂ ಲೆಕ್ಕಕ್ಕಿಡದೆ ಹೋದುದರಿಂದಲೇ ಇತರರಿಗೆ ಸಾಧ್ಯವಿಲ್ಲದ ಎಡೆಗಳನ್ನೂ ಹೋಗಿ ಮುಟ್ಟಲು ಅನುಕೂಲವಾಯಿತಂತೆ.

ಹಾಗೆ ಮುಟ್ಟಿದ ಎಡೆಗಳಾದರೂ ಎಂಥವು! 1947ರ ಜೂನ್ ತಿಂಗಳಲ್ಲಿ ದೇಶವಿಭಜನೆಗೆ ಒಪ್ಪಿ ಕಾಂಗ್ರೆಸ್ಸಿಗರು ಕೈ ಎತ್ತಿದ ಸಭೆಯಲ್ಲಿ ಆಕೆಯ ಕ್ಯಾಮರಾ ಇತ್ತು. ಎತ್ತಿದ ಕೈಗಳ ಆ ಚಿತ್ರವನ್ನು ನೋಡುವಾಗ, ಆ ಕೈಗಳ ಹಿಂದೆ ಬರಲಿದ್ದ ರಕ್ತಪಾತವನ್ನು ಬಲ್ಲ ನಮಗೆ ಮೈ ಜುಮ್ಮೆನ್ನುತ್ತದೆ. ಕೆಂಪು ಕೋಟೆಯ ಮೇಲೆ ನೆಹರೂ ಅವರು ಮೊದಲ ಸಲ ಧ್ವಜವೇರಿಸಿದಾಗಲೂ ಆಕೆ ಅಲ್ಲಿದ್ದರು. ಅದು ನಡೆದದ್ದು 15ರಂದಲ್ಲ, ಆಗಸ್ಟ್ 16ರಂದು. ನಮ್ಮ ಪಠ್ಯಪುಸ್ತಕಗಳು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮುಂದೆ 1956ರಲ್ಲಿ ನಾಥು ಲಾ ಕಣಿವೆಯ ಮೂಲಕ ಸಿಕ್ಕಿಮಿಗೆ ಬಂದ ದಲೈ ಲಾಮಾ, 1958ರಲ್ಲಿ ಹೊ ಚಿ ಮಿನ್, 1961ರಲ್ಲಿ ಎಲಿಜಬೆತ್ ರಾಣಿ. ಆದರೆ ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ಪಾಲಂ ವಿಮಾನ ನಿಲ್ದಾಣದ ಒಂದು ಚಿತ್ರ. ಸೋದರಿ ವಿಜಯಲಕ್ಷ್ಮಿ ಪಂಡಿತರ ಬರವನ್ನು ಕಾಯುತ್ತ ನೆಹರೂ ಒಂದು ಫಲಕದ ಪಕ್ಕದಲ್ಲಿ ನಿಂತಿದ್ದಾರೆ. ಇಲ್ಲಿ ಛಾಯಾಚಿತ್ರ ತೆಗೆಯುವುದು ಕಟ್ಟುನಿಟ್ಟಾಗಿ ನಿಷಿದ್ಧ ಎಂದು ಫಲಕ ಸಾರುತ್ತಿದೆ!

ಇನ್ನು ಹೆಸರಿನ ಮಾತು. ‘ವೀಕ್ಲಿ’ಯಲ್ಲಿ ಹೋಮೈ ಅವರ ಆರಂಭದ ಚಿತ್ರಗಳು ಅಚ್ಚಾದದ್ದು ಮಾಣೆಕ್‌ಷಾ ಅವರ ಹೆಸರಿನಲ್ಲಿ. ಅಪರಿಚಿತೆ, ಅದರಲ್ಲೂ ಹೆಣ್ಣು. ಇದರಲ್ಲಿ ಗಂಡನ ದಬ್ಬಾಳಿಕೆಯನ್ನು ಹುಡುಕುವುದು ಬೇಡ. ಕಲಿಸಿದ ಗುರುವೂ ಆತನೇ, ಕತ್ತಲೆಕೋಣೆಯ ಒಡನಾಡಿಯೂ ಆತನೇ. ಅನಂತರ ಆಕೆ ತಮಗೊಂದು ಅಂಕಿತವನ್ನು ಇಟ್ಟುಕೊಂಡರು: ‘ಡಾಲ್ಡಾ 13’. ಹುಟ್ಟಿದ್ದು 1913ರಲ್ಲಿ, ಬಾಳಿನ ಸಂಗಾತಿಯನ್ನು ಕಂಡದ್ದು 13ನೆಯ ವಯಸ್ಸಿನಲ್ಲಿ, ಕೊಂಡ ಮೊದಲ ಕಾರಿನ ಸಂಖ್ಯೆ ಡಿ.ಎಲ್.ಡಿ. 13. ವನಸ್ಪತಿ ಡಬ್ಬಿಯ ಹೆಸರು ನಮ್ಮ ಕಿವಿಗೆ ನಗೆ ತರುತ್ತದೆ ನಿಜ. ಆದರೆ ಅಂಕಿತವೆಂಬುದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಶರಣೆ ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’. ಅದರಲ್ಲಿರುವುದು ಗಂಡನ ಹೆಸರು. ಹಾಗೆಂದು ವಚನ ಯಾರದೆಂಬ ಸಂದೇಹ ನಮಗೆ ಬರುವುದಿಲ್ಲ. ಅಂಕಿತದ ಹಿಂದಿನ ವ್ಯಕ್ತಿಯನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ. ಬೇಲೂರಿನ ಕಲ್ಲಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೊರೆದಿದ್ದಾನೆ. ಓಲೆಗರಿ ನಕಲು ಮಾಡಿದ ಲಿಪಿಕಾರನೂ ಕೊನೆಯಲ್ಲಿ ತನ್ನ ಹೆಸರು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡುತ್ತಾನೆ. ಪತ್ರಿಕೆಯ ಪುಟ ಮಾತ್ರ ಈ ಸೌಜನ್ಯವನ್ನು ಛಾಯಾಗ್ರಾಹಕನಿಗೆ ಬಹುಕಾಲ ತೋರಲಿಲ್ಲ.

ಪತ್ರಿಕೆಯನ್ನು ದೂರುವುದು ಸುಲಭ. ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಿಬಿಡಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಸ್ಮರಣ ಸಂಚಿಕೆಗೆ ನಾನು ಸಂಪಾದಕನಾಗಿದ್ದೆ. ಹಿರಿಯ ಕವಿಯೊಬ್ಬರು ನಮ್ಮಲ್ಲಿಗೆ ಬಂದಿದ್ದಾಗ ಜಗುಲಿಯಲ್ಲಿ ಕೊಡೆ ಹಿಡಿದು ನಗುತ್ತ ನಿಂತಿದ್ದ ಚಿತ್ರವೊಂದನ್ನು ಮೊದಲ ಪುಟದಲ್ಲಿ ಹಾಕಿದೆವು. ಲೇಖಕರ ಹೆಸರು, ದಾನಿಗಳ ಹೆಸರು, ಕರಡು ತಿದ್ದಿದವರ ಹೆಸರು, ಮುದ್ರಣಾಲಯದ ಹೆಸರು, ಎಲ್ಲವೂ ಇದ್ದವು. ಒಂದು ವಾರದ ಮೇಲೆ ಊರಿನ ಸ್ಟುಡಿಯೋದವರು, ನನಗಿಂತ ಹತ್ತು ವರ್ಷ ಹಿರಿಯರು, ಸಂಚಿಕೆಯನ್ನು ಹಣ ಕೊಟ್ಟು ಕೊಂಡುಕೊಂಡು ನನ್ನ ಕೊಠಡಿಗೆ ಬಂದರು. ಪುಟ ಬಿಡಿಸಿ, “ಸಾರ್, ಇದು ನಾನು ತೆಗೆದದ್ದಲ್ಲವೆ?” ಎಂದರು.

“ಅಚ್ಚಿನವರು ಬಿಟ್ಟುಬಿಟ್ಟಿದ್ದಾರೆ. ಮುಂದಿನ ಸಲ ಸರಿಮಾಡೋಣ” ಎಂದೆ.

ಅದು ಸುಳ್ಳು. ಅಚ್ಚಿನವರಿಗೆ ನಾನು ಆ ಹೆಸರನ್ನು ಬರೆದುಕೊಟ್ಟಿರಲೇ ಇಲ್ಲ. ಬರೆಯಬೇಕೆಂದು ಹೊಳೆದೇ ಇರಲಿಲ್ಲ. “ಆಗಲಿ ಸಾರ್, ಚಿತ್ರ ಚೆನ್ನಾಗಿ ಬಂದಿದೆ” ಎಂದು ಹೇಳಿ ಅವರು ಹೊರಟುಹೋದರು. ಮುಂದಿನ ಸಲ ಬರಲಿಲ್ಲ. ಅವರು ಈಗಿಲ್ಲ.

ಹೆಸರಿನ ಹಿಂದೆ ಹಕ್ಕೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಯಾರೂ ಹೇಳದೆ ತಾನಾಗಿ ಹೋಗಿ ತೆಗೆದದ್ದು ತೆಗೆದವನದೇ. ಹತ್ತು ವರ್ಷ ಮೊದಲು, 1947ರಲ್ಲಿ, ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ-ಬ್ರೆಸೋನ್ ಮೊದಲಾದವರು ‘ಮ್ಯಾಗ್ನಮ್’ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿ, ಚಿತ್ರದ ಹಕ್ಕು ಪತ್ರಿಕೆಗಲ್ಲ, ತೆಗೆದವನಿಗೇ ಎಂಬ ನಿಯಮವನ್ನು ಹಾಕಿಕೊಂಡಿದ್ದರು. ಅದೇ ಕಾರ್ತಿಯೇ-ಬ್ರೆಸೋನ್ 1948ರ ಜನವರಿಯಲ್ಲಿ ದಿಲ್ಲಿಯಲ್ಲಿದ್ದರು. ಒಂದೇ ನಗರ, ಒಂದೇ ಜನಸಂದಣಿ. ಒಬ್ಬರ ಬೆನ್ನಿಗೆ ಪ್ಯಾರಿಸ್ ಮತ್ತು ನ್ಯೂಯಾರ್ಕ್, ಇನ್ನೊಬ್ಬರ ಬೆನ್ನಿಗೆ ಸೈಕಲ್ಲು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರೂ ಸಂಬಳದ ಕೆಲಸ ಬಿಟ್ಟು ಬಿಡಿ ದುಡಿಮೆಗೆ ಇಳಿದವರೇ, ದಿಲ್ಲಿಯಲ್ಲಿ ಬಹುಕಾಲ ದುಡಿದವರೇ. ಅವರಿಗೆ ಬರೆಯುವ ಕೈಯೂ ಇತ್ತು, ತಮ್ಮ ನೆನಪುಗಳನ್ನು ತಾವೇ ಬರೆದಿಟ್ಟರು. ಎಲ್ಲರಿಗೂ ಆ ಭಾಗ್ಯವಿಲ್ಲ.

1948ರ ಜನವರಿ ಎಂದೆ. ಆ ತಿಂಗಳ 30ರಂದು ಹೋಮೈ ಅವರು ಬಿರ್ಲಾ ಭವನದ ಪ್ರಾರ್ಥನಾಸಭೆಗೆಂದು ಹೊರಟಿದ್ದರು. ಮಾಣೆಕ್‌ಷಾ ಹಿಂದಕ್ಕೆ ಕರೆದರು. ನಾಳೆ ಇಬ್ಬರೂ ಜೊತೆಯಾಗಿ ಹೋಗೋಣ ಎಂದರು. ಆಕೆ ಹಿಂತಿರುಗಿದರು. ಸಂಜೆ 5 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಗುಂಡುಗಳು ಹಾರಿದವು. ಶವಯಾತ್ರೆಯ ಚಿತ್ರಗಳನ್ನು ಆಕೆ ತೆಗೆದರು. ಆ ಸಂಜೆ ತಾವು ಅಲ್ಲಿರಲಿಲ್ಲವೆಂಬ ಕೊರಗು ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಈ ಕೊರಗನ್ನು ಕೇಳಿ ಮೊದಲು ನನ್ನ ಮನಸ್ಸು ಹಿಂಜರಿಯಿತು. ಮಹಾತ್ಮನ ಸಾವನ್ನು ಚಿತ್ರವಾಗಿ ಪಡೆಯಲಿಲ್ಲವೆಂದು ದುಃಖಿಸುವುದು ಎಂಥ ವೃತ್ತಿ! ಅನಂತರ ಅನ್ನಿಸಿತು: ರಣರಂಗವನ್ನು ಕುರುಡನಾದ ಧೃತರಾಷ್ಟ್ರನಿಗೆ ಹೇಳುವ ಸಂಜಯನು ಒಂದು ದಿನ ಕಣ್ಣು ಮುಚ್ಚಿದ್ದರೆ ಅವನೂ ಹೀಗೆಯೇ ಕೊರಗುತ್ತಿದ್ದನೇನೋ. 1964ರಲ್ಲಿ ನೆಹರೂ ತೀರಿಕೊಂಡಾಗ ಆಕೆ ಜೊತೆಯ ಛಾಯಾಗ್ರಾಹಕರಿಗೆ ಕಾಣದಂತೆ ಮುಖ ಮರೆಸಿಕೊಂಡು ಅತ್ತರು. ಕಣ್ಣೊರಸಿಕೊಂಡು ಕೆಲಸ ಮುಂದುವರಿಸಿದರು.

ಮಾಣೆಕ್‌ಷಾ 1969ರಲ್ಲಿ ತೀರಿಕೊಂಡರು. ಮರುವರ್ಷ, 1970ರಲ್ಲಿ, ಹೋಮೈ ಕ್ಯಾಮರಾವನ್ನು ಕೆಳಗಿಟ್ಟರು. ಹೊಸ ತಲೆಮಾರಿನ ಛಾಯಾಗ್ರಾಹಕರ ನುಗ್ಗಾಟ, ನಡೆನುಡಿಗಳು ತಮಗೆ ಸರಿಬರಲಿಲ್ಲವೆಂದು ಹೇಳುತ್ತಿದ್ದರು. ದಿಲ್ಲಿ ಬಿಟ್ಟು ಮಗನೊಂದಿಗೆ ಪಿಲಾನಿಗೆ, ಅಲ್ಲಿಂದ ವಡೋದರಕ್ಕೆ ಹೋದರು. 1989ರಲ್ಲಿ ಒಬ್ಬನೇ ಮಗನೂ ಹೋದ. ಆಮೇಲೆ ಒಂಟಿಯಾಗಿ, ಗಿಡ ಬೆಳೆಸುತ್ತ, ಮನೆಯ ಮರಗೆಲಸವನ್ನೂ ತಾವೇ ಮಾಡಿಕೊಳ್ಳುತ್ತ ಇದ್ದರು. ಸಬೀನಾ ಗಡಿಹೋಕೆ ಅವರು ಹುಡುಕಿಕೊಂಡು ಹೋಗಿ ಕೇಳಿ ಬರೆದ ಪುಸ್ತಕ 2006ರಲ್ಲಿ ಹೊರಬಂದ ಮೇಲೆ ಆ ಚಿತ್ರಗಳಿಗೆ ಒಂದೊಂದಾಗಿ ಹೆಸರು ಹಿಂದಿರುಗತೊಡಗಿತು. 2011ರಲ್ಲಿ ಪದ್ಮವಿಭೂಷಣ ಬಂದಿತು. 2012ರ ಜನವರಿ 15ರಂದು, 98ನೆಯ ವಯಸ್ಸಿನಲ್ಲಿ, ಅವರು ವಡೋದರದಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ವೃತ್ತಿಗಾಗಿ ಅವರು ಕ್ಯಾಮರಾ ಹಿಡಿದು ನಲವತ್ತು ವರ್ಷ ದಾಟಿತ್ತು.